ಹೋಬಳಿಗೊಂದು ಶಾಲೆ: ಬಿ. ಎಲ್. ರೈಸ್ ಅವರ ಜೀವನ ಮತ್ತು ಕಾರ್ಯ

ಕನ್ನಡ ನಾಡಿನ ಇತಿಹಾಸದಲ್ಲಿ ಆಸಕ್ತಿಯುಳ್ಳವರಿಗೆ ಬಿ. ಎಲ್. ರೈಸ್ ಎಂಬ ಹೆಸರು ಹೊಸದಲ್ಲ. ದೇವಸ್ಥಾನಗಳ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಬಿಸಿಲು ಮಳೆಗಳಿಗೆ ಸವೆಯುತ್ತ ನಿಂತಿದ್ದ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಪ್ರತಿಮಾಡಿಸಿ, ಓದಿಸಿ, ಎಪಿಗ್ರಾಫಿಯ ಕರ್ನಾಟಿಕ ಎಂಬ ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿದ ಮಹನೀಯರು ಅವರು. ಕದಂಬರು, ಗಂಗರು, ಹೊಯ್ಸಳರು ಎಂದು ಇಂದು ನಮ್ಮ ಮಕ್ಕಳು ಪಠ್ಯಪುಸ್ತಕದಲ್ಲಿ ಓದುವ ಸಂಗತಿಗಳಲ್ಲಿ ಬಹುಭಾಗವು ಅವರ ಪರಿಶ್ರಮದ ಫಲ. ಆದರೆ ಆ ಮಕ್ಕಳು ಕುಳಿತು ಓದುವ ಹಳ್ಳಿಯ ಸರ್ಕಾರಿ ಶಾಲೆಗೂ ಇದೇ ರೈಸ್ ಅವರಿಗೂ ಇರುವ ನಂಟನ್ನು ಬಲ್ಲವರು ವಿರಳ. ಶಾಸನಗಳ ಕೀರ್ತಿಯು ಅವರ ಮೊದಲ ಕಾರ್ಯವನ್ನು ಮರೆಮಾಡಿಬಿಟ್ಟಿದೆ. ನಮ್ಮಲ್ಲಿ ಅನೇಕರ ಹಿರಿಯರು ಮೊದಲ ಅಕ್ಷರವನ್ನು ತಿದ್ದಿದ್ದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿಯೇ ಆದುದರಿಂದ, ಶತಮಾನೋತ್ಸವದ ಈ ಸಂಚಿಕೆಯಲ್ಲಿ ಆ ಮರೆತುಹೋದ ಅರ್ಧವನ್ನೇ ಮುಖ್ಯವಾಗಿ ನಿರೂಪಿಸಲು ನಾವು ಬಯಸುತ್ತೇವೆ.

ಬೆಂಜಮಿನ್ ಲೂಯಿ ರೈಸ್ ಅವರು ಜನಿಸಿದ್ದು 1837ರ ಜುಲೈ 17ರಂದು, ಬೆಂಗಳೂರಿನಲ್ಲಿಯೇ. ತಂದೆ ರೆವರೆಂಡ್ ಬೆಂಜಮಿನ್ ರೈಸ್ ಅವರು ಲಂಡನ್ ಮಿಷನ್ ಎಂಬ ಪ್ರಾಟೆಸ್ಟೆಂಟ್ ಸಂಸ್ಥೆಯ ಧರ್ಮಪ್ರಚಾರಕರು. ಅದೇ ವರ್ಷ ಬೆಂಗಳೂರಿಗೆ ಬಂದು, ಐವತ್ತು ವರ್ಷಗಳ ಕಾಲ ಇಲ್ಲಿಯೇ ಸೇವೆ ಸಲ್ಲಿಸಿ, 1887ರಲ್ಲಿ ಇಲ್ಲಿಯೇ ಮಣ್ಣಾದವರು. ಕನ್ನಡ ಬೈಬಲ್ಲಿನ ಪರಿಷ್ಕರಣದಲ್ಲಿ ಅವರು ದುಡಿದರು. 1840ರ ದಶಕದಲ್ಲಿ ಬೆಂಗಳೂರಿನ ಪೇಟೆಯಲ್ಲಿ ಹೆಣ್ಣುಮಕ್ಕಳಿಗಾಗಿ ಕನ್ನಡ ಶಾಲೆ ತೆರೆದವರಲ್ಲಿ ತಾಯಿಯೂ ಒಬ್ಬರು. ಮನೆಯೇ ಒಂದು ಶಾಲೆಯಂತಿದ್ದಾಗ, ಬೀದಿಯ ಕನ್ನಡವು ಆಟದ ಭಾಷೆಯಾಗಿದ್ದಾಗ, ಆ ಬಾಲಕನಿಗೆ ಈ ನಾಡು ಪರದೇಶವಾಗಿರಲು ಸಾಧ್ಯವಿರಲಿಲ್ಲ. ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿ 1860ರಲ್ಲಿ ಮರಳಿದ ಅವರು ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಆ ಶಾಲೆಯೇ ಮುಂದೆ 1875ರಲ್ಲಿ ಸೆಂಟ್ರಲ್ ಕಾಲೇಜು ಎಂಬ ಹೆಸರು ಪಡೆಯಿತು.

ಅಂದು ಮೈಸೂರು ರಾಜ್ಯವು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1854ರ ವುಡ್ ಅವರ ಶಿಕ್ಷಣ ಆಜ್ಞಾಪತ್ರವನ್ನು ಅನುಸರಿಸಿ 1857ರಲ್ಲಿ ಇಲ್ಲಿ ವಿದ್ಯಾ ಇಲಾಖೆ ಹುಟ್ಟಿತಾದರೂ, ಅದರ ದೃಷ್ಟಿಯೆಲ್ಲ ಪಟ್ಟಣಗಳತ್ತಲೇ ಇತ್ತು. ಮಿಷನರಿಗಳ ಶಾಲೆಗಳೂ ಬಹುಮಟ್ಟಿಗೆ ಹಾಗೆಯೇ. ಫ್ರೆಂಚ್ ಗುರುಗಳು 1858ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸಂತ ಜೋಸೆಫರ ಶಾಲೆಯಾಗಲಿ, ಅದಕ್ಕೆ ನಾಲ್ಕು ವರ್ಷ ಮೊದಲು ಅಲ್ಲಿಗೆ ಬಂದ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರ ವಿದ್ಯಾಲಯವಾಗಲಿ, ನಗರದ ಅಗತ್ಯಗಳನ್ನು ಪೂರೈಸಿದವು. ಕಾಡುದಾರಿ, ಹೊಳೆ, ಹಳ್ಳಗಳನ್ನು ದಾಟಿ ಒಳನಾಡಿನ ಊರಿಗೆ ಶಾಲೆಯನ್ನು ಒಯ್ಯುವುದು ಬೇರೆಯೇ ತರಹದ ಕೆಲಸ. 1865ರಲ್ಲಿ ರೈಸ್ ಅವರು ಮೈಸೂರು ಮತ್ತು ಕೊಡಗು ಪ್ರಾಂತಗಳ ಶಾಲಾ ಇನ್‌ಸ್ಪೆಕ್ಟರಾಗಿ ನೇಮಕಗೊಂಡು, ಕುದುರೆಯೇರಿ ಊರೂರು ಸುತ್ತತೊಡಗಿದರು.

ಹಳ್ಳಿಗಳಲ್ಲಿ ವಿದ್ಯೆಯೇ ಇರಲಿಲ್ಲವೆಂದು ತಿಳಿಯಬಾರದು. ಸ್ವಲ್ಪ ದೊಡ್ಡ ಊರಾದರೆ ಅಲ್ಲೊಂದು ಕೂಲಿಮಠ ಇರುತ್ತಿತ್ತು. ಗುಡಿಯ ಜಗಲಿಯೋ, ಶೆಟ್ಟರ ಮನೆಯ ಪಡಸಾಲೆಯೋ, ಜಂಗಮರ ಮಠವೋ ಅದಕ್ಕೆ ತಾಣ. ಅಯ್ಯನವರು ಮರಳಿನ ಮೇಲೆ ಮಗುವಿನ ಬೆರಳು ಹಿಡಿದು ಓನಾಮ ತಿದ್ದಿಸುವರು. ಅಲ್ಲಿಂದ ಹಲಗೆ ಬಳಪ, ಮಗ್ಗಿ, ಬಾಯಿಲೆಕ್ಕ, ಕಾಗದ ಪತ್ರ ಬರೆಯುವ ಕ್ರಮ, ಜೈಮಿನಿಯ ನಾಲ್ಕು ಪದ್ಯ. ಮಹಾನವಮಿ ಬಂತೆಂದರೆ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಚೌಪದ ಹಾಡಿಸುತ್ತ ಮನೆಮನೆಗೆ ಹೋಗಿ ಕಾಣಿಕೆ ಪಡೆಯುವುದೇ ಅಯ್ಯನವರ ವಾರ್ಷಿಕ ವರಮಾನದ ಮುಖ್ಯ ಭಾಗ. ತಪ್ಪು ಮಾಡಿದ ಹುಡುಗನಿಗೆ ಕೋದಂಡದ ಶಿಕ್ಷೆ. ಈ ಮಠಗಳಿಗೆ ಸರ್ಕಾರದ ಕಾಸಿಲ್ಲ, ಪರೀಕ್ಷೆಯಿಲ್ಲ. ಅಯ್ಯನವರು ತೀರಿಕೊಂಡರೆ ಅಥವಾ ಊರು ಬಿಟ್ಟರೆ ಮಠವೂ ಮುಚ್ಚಿತು. ಕಾಳು ಕೊಡಬಲ್ಲ ಮನೆಯ ಗಂಡುಮಗುವಿಗೆ ಮಾತ್ರ ಅಲ್ಲಿ ಸ್ಥಳ. ಇಷ್ಟಾದರೂ ಅಯ್ಯನವರ ಬಗೆಗೆ ಹಗುರವಾಗಿ ಮಾತನಾಡುವುದು ನಮಗೆ ಸರಿಕಾಣದು. ಯಾವ ಅರಸನೂ ಗಮನಿಸದಿದ್ದ ಕಾಲದಲ್ಲಿ ಕನ್ನಡದ ಅಕ್ಷರವನ್ನು ಹಳ್ಳಿಯಲ್ಲಿ ಬದುಕಿಸಿಟ್ಟವರು ಅವರೇ. ರೈಸ್ ಅವರ ವಿವೇಕ ಎದ್ದುಕಾಣುವುದು ಇಲ್ಲಿಯೇ. ಆ ಮಠಗಳನ್ನು ಕಿತ್ತೊಗೆದು ಹೊಸದನ್ನು ಕಟ್ಟಹೊರಡುವುದು ಇಲಾಖೆಯವರಿಗೆ ಸುಲಭವಾಗಿತ್ತು; ಅವರು ಹಾಗೆ ಮಾಡಲಿಲ್ಲ.

1868ರಲ್ಲಿ ಜಾನ್ ಗ್ಯಾರೆಟ್ ಅವರ ತರುವಾಯ ವಿದ್ಯಾ ಇಲಾಖೆಯ ನಿರ್ದೇಶಕತ್ವದ ಹೊಣೆ ರೈಸ್ ಅವರ ಹೆಗಲಿಗೆ ಬಂದಿತು. ಅದೇ ವರ್ಷ ಅವರು ಹೋಬಳಿ ಶಾಲೆಗಳ ಯೋಜನೆಯನ್ನು ಸಿದ್ಧಪಡಿಸಿದರು. ತಾಲ್ಲೂಕಿನ ಕೆಳಗೆ ಕಂದಾಯ ವಸೂಲಿಗಾಗಿ ಹಲವಾರು ಹಳ್ಳಿಗಳನ್ನು ಕೂಡಿಸಿ ಮಾಡಿದ ವಿಭಾಗವೇ ಹೋಬಳಿಯೆಂಬುದು ಎಲ್ಲರಿಗೂ ತಿಳಿದದ್ದೇ. ಆನಗೋಡು, ಮಾಯಕೊಂಡ ಎಂದು ನಮ್ಮ ದಾವಣಗೆರೆ ತಾಲ್ಲೂಕಿನಲ್ಲಿ ಇಂದಿಗೂ ಪಹಣಿಯ ಮೇಲೆ ಆ ಹೆಸರುಗಳು ಬರುತ್ತವೆ. ಕಂದಾಯ ಎತ್ತಲು ಸರ್ಕಾರದ ಕೈ ಎಷ್ಟು ದೂರ ಚಾಚುತ್ತದೆಯೋ ಅಷ್ಟು ದೂರ ಅಕ್ಷರವೂ ಹೋಗಬೇಕೆಂಬುದು ಆ ಯೋಜನೆಯ ತಿರುಳು. ಯಾವ ಹೋಬಳಿಯ ಜನರು ಶಾಲೆ ಬೇಕೆಂದು ಅರ್ಜಿ ಕೊಟ್ಟು ಅದಕ್ಕೊಂದು ಕಟ್ಟಡವನ್ನು ಒದಗಿಸುವರೋ ಅಲ್ಲಿ ಸರ್ಕಾರವು ಉಪಾಧ್ಯಾಯನನ್ನು ನೇಮಿಸಿ ಸಂಬಳ ಕೊಡುವುದು. ಹಾಗೆ ನೇಮಕವಾಗುವವನು ಎಲ್ಲಿಂದಲೋ ಬಂದ ಅಪರಿಚಿತನಲ್ಲ, ಆದಷ್ಟು ಮಟ್ಟಿಗೆ ಅದೇ ಸೀಮೆಯ ಕೂಲಿಮಠದ ಅಯ್ಯನವರೇ. ಅವರನ್ನು ನಾರ್ಮಲ್ ಶಾಲೆಗೆ ಕಳುಹಿಸಿ, ಪಾಠ ಹೇಳುವ ಹೊಸ ಕ್ರಮದಲ್ಲಿ ತರಬೇತಿ ಕೊಡಿಸಿ, ತಿಂಗಳ ಸಂಬಳದ ಮೇಷ್ಟರನ್ನಾಗಿ ಊರಿಗೆ ಮರಳಿಸುವುದು. ಪಾಠವೆಲ್ಲ ಕನ್ನಡದಲ್ಲಿ. ಖರ್ಚಿಗೆ ಭೂಕಂದಾಯದ ಜೊತೆಯಲ್ಲಿ ರೈತರಿಂದ ಎತ್ತುತ್ತಿದ್ದ ಸ್ಥಳೀಯ ತೆರಿಗೆಯ ಒಂದು ಪಾಲು.

ಈ ಏರ್ಪಾಡು ಕಾಗದದ ಮೇಲೆ ಸರಳವಾಗಿ ತೋರುತ್ತದೆ. ಆದರೆ ಅದರೊಳಗೆ ಎರಡು ದೊಡ್ಡ ಮಾತುಗಳಿವೆ. ರೈತನು ಕೊಟ್ಟ ತೆರಿಗೆಯಲ್ಲಿ ಒಂದು ಭಾಗವು ಅವನ ಮಗನ ಪಾಠಕ್ಕೆ ಸಲ್ಲಬೇಕೆಂದು ಒಪ್ಪಿದ್ದು ಮೊದಲನೆಯದು. ಆವರೆಗೆ ವಿದ್ಯೆಯು ದಾನವಾಗಿತ್ತು ಅಥವಾ ಕೂಲಿಗೆ ಕೊಂಡ ವಸ್ತುವಾಗಿತ್ತು, ಇನ್ನುಮುಂದೆ ಅದು ಸರ್ಕಾರದ ಋಣವಾಯಿತು. ಊರಿನವರನ್ನು ಪಾಲುದಾರರನ್ನಾಗಿ ಮಾಡಿಕೊಂಡದ್ದು ಎರಡನೆಯದು. ಪಟೇಲ, ಶಾನುಭೋಗ, ನಾಲ್ಕು ಮಂದಿ ಯಜಮಾನರು ಕೂಡಿ ಮಣ್ಣಿನ ಗೋಡೆಯೆಬ್ಬಿಸಿ ಹಂಚೋ ಹುಲ್ಲೋ ಹೊದಿಸಿದ ಶಾಲೆಯನ್ನು ಊರು ತನ್ನದೆಂದು ತಿಳಿಯುತ್ತದೆ, ಕಳಚಿಬಿದ್ದರೆ ಮತ್ತೆ ಎತ್ತುತ್ತದೆ. ಇಂದಿಗೂ ನಮ್ಮ ಸೀಮೆಯಲ್ಲಿ ಶಾಲೆಗೆ ಜಾಗ ಬಿಟ್ಟವರ ಹೆಸರನ್ನು ಊರಿನ ಹಿರಿಯರು ಮರೆಯುವುದಿಲ್ಲ.

ಹಾಗೆಂದು ಇದರ ಕೊರತೆಯನ್ನು ಮುಚ್ಚಿಡುವುದು ಸತ್ಯಕ್ಕೆ ಸಲ್ಲದು. ಅರ್ಜಿ ಕೊಟ್ಟವರಿಗೆ ಶಾಲೆಯೆಂದರೆ, ಅರ್ಜಿ ಬರೆಯಬಲ್ಲ, ಕಟ್ಟಡ ಕೊಡಬಲ್ಲ ಊರಿಗೆ ಮೊದಲು ಶಾಲೆ ಎಂದೇ ಅರ್ಥ. ಒಂದು ಹೋಬಳಿಯ ಹತ್ತಾರು ಹಳ್ಳಿಗಳಿಗೆ ಒಂದೇ ಶಾಲೆಯಾದರೆ ಅದು ಹೋಬಳಿಯ ಮುಖ್ಯ ಊರಿನ ಮಕ್ಕಳಿಗೆ ಮನೆಯ ಬಾಗಿಲಲ್ಲಿದೆ. ಆರು ಮೈಲಿಯಾಚೆಯ ಹಟ್ಟಿಯ ಮಗುವಿಗೆ ಇದ್ದೂ ಇಲ್ಲದಂತೆ. ದನ ಕಾಯುವ ಹುಡುಗನು ಸುಗ್ಗಿಯ ಕಾಲದಲ್ಲಿ ಶಾಲೆಗೆ ಹೇಗೆ ಬಂದಾನು? ಹೆಣ್ಣುಮಕ್ಕಳ ಮಾತು ಯೋಜನೆಯ ಅಂಚಿನಲ್ಲಿಯೇ ಉಳಿಯಿತು. ಎಲ್ಲಕ್ಕಿಂತ ಮಿಗಿಲಾಗಿ, ಊರ ಹೊರಗಿನ ಕೇರಿಯ ಮಕ್ಕಳು ಆ ಜಗಲಿಯನ್ನು ಏರುವಂತಿರಲಿಲ್ಲ. ಊರಿನ ಯಜಮಾನರೇ ಶಾಲೆಗೆ ಮನೆ ಕೊಟ್ಟವರಾದ್ದರಿಂದ ಯಾರು ಒಳಗೆ ಕೂರಬೇಕೆಂಬುದನ್ನೂ ಅವರೇ ನಿರ್ಧರಿಸುತ್ತಿದ್ದರು. ಪಾಲುದಾರಿಕೆಗೆ ಇಂಥ ಬೆಲೆಯೂ ಇತ್ತೆಂಬುದನ್ನು ನಾವು ಮರೆಯಲಾಗದು.

ರೈಸ್ ಅವರು 1876ರಿಂದ 1878ರವರೆಗೆ ಪ್ರಕಟಿಸಿದ ಮೈಸೂರು ಮತ್ತು ಕೊಡಗು ಗೆಜೆಟಿಯರಿನಲ್ಲಿ ನಮ್ಮ ಸೀಮೆಯೂ ಬರುತ್ತದೆ. ಅಂದು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ದಾವಣಗೆರೆಯನ್ನು ಕಂಬಳಿಗಳಿಗೂ ದೂರದೂರದ ವ್ಯಾಪಾರಕ್ಕೂ ಹೆಸರಾದ ಪೇಟೆಯೆಂದು ಅವರು ಗುರುತಿಸಿದ್ದಾರೆ. ಇಂಥ ಪೇಟೆಯ ಸುತ್ತಲಿನ ಹಳ್ಳಿಗಳಲ್ಲಿ, ಹದಡಿಯಂತಹ ಊರುಗಳಲ್ಲಿ, ಅಕ್ಷರವೆಂದರೆ ಪಾಂಡಿತ್ಯಕ್ಕಿಂತ ಮುಂಚೆ ಲೆಕ್ಕ. ಕಂಬಳಿ ನೇಯುವವನು ಸಾಹುಕಾರನ ಬಾಕಿ ಪುಸ್ತಕವನ್ನು ತಾನೇ ಓದಬಲ್ಲನೇ, ಜೋಳ ಬೆಳೆಯುವವನು ಕಂದಾಯದ ರಸೀದಿಯ ಮೊತ್ತವನ್ನು ತಿಳಿಯಬಲ್ಲನೇ ಎಂಬುದರ ಮೇಲೆ ಮನೆಯ ಅನ್ನವೇ ನಿಂತಿತ್ತು. ಹೆಬ್ಬೆಟ್ಟೊತ್ತಿ ಹೊಲ ಕಳೆದುಕೊಂಡವರ ಕಥೆಗಳು ಯಾವ ಹಳ್ಳಿಯಲ್ಲಿ ಇಲ್ಲ?

ಯೋಜನೆಯು ಬೇರೂರುತ್ತಿರುವಾಗಲೇ ಮಹಾವಿಪತ್ತೊಂದು ಬಂದೆರಗಿತು. 1876ರಿಂದ 1878ರವರೆಗಿನ ಬರಗಾಲವನ್ನು ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ಕರೆಯುತ್ತಿದ್ದರು. ತಿನ್ನಲು ಕಾಳಿಲ್ಲದ ಊರಿನಲ್ಲಿ ಶಾಲೆಯ ಮಾತೆಲ್ಲಿ? ಸರ್ಕಾರದ ಬೊಕ್ಕಸವೂ ಬರಿದಾಯಿತು, ಇಲಾಖೆಯ ವೆಚ್ಚಕ್ಕೂ ಕತ್ತರಿ ಬಿತ್ತು. 1881ರಲ್ಲಿ ರಾಜ್ಯವನ್ನು ಒಡೆಯರ ವಂಶಕ್ಕೆ ಮರಳಿಸಿದ ವರ್ಷದಲ್ಲೇ ಜನಗಣತಿಯೂ ನಡೆಯಿತು, ಅದರ ವರದಿಯನ್ನು ಬರೆಯುವ ಹೊಣೆ ರೈಸ್ ಅವರದಾಯಿತು. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆಯು ಹತ್ತು ವರ್ಷಗಳಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಹಳ್ಳಿಹಳ್ಳಿ ತಿರುಗಿ ಮಕ್ಕಳಿಗೆ ಪಾಠ ಒಪ್ಪಿಸಲು ಹೇಳುತ್ತಿದ್ದ ಮನುಷ್ಯನೇ ಇಲ್ಲವಾದವರ ಲೆಕ್ಕವನ್ನು ಬರೆಯಬೇಕಾಯಿತು. ಆ ವರದಿಯು ಅಂಕಿಗಳ ಪುಸ್ತಕವಾದರೂ ಅದನ್ನು ಬರೆದ ಮನಸ್ಸಿನ ಭಾರವನ್ನು ನಾವು ಊಹಿಸಬಲ್ಲೆವು.

1882ರಲ್ಲಿ ಭಾರತ ಸರ್ಕಾರವು ವಿಲಿಯಂ ಹಂಟರ್ ಅವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಆಯೋಗವನ್ನು ನೇಮಿಸಿತು. ಮೈಸೂರಿನಲ್ಲಿ ಗಳಿಸಿದ ಅನುಭವದ ಕಾರಣದಿಂದಲೇ ಇರಬೇಕು, ಆ ಆಯೋಗಕ್ಕೆ ಕಾರ್ಯದರ್ಶಿಯಾಗಿ ರೈಸ್ ಅವರನ್ನು ಕರೆಸಿಕೊಂಡರು. ದೇಶದ ಮೂಲೆಮೂಲೆಗಳಿಂದ ಅದರ ಮುಂದೆ ಹೇಳಿಕೆಗಳು ಬಂದವು. ಪುಣೆಯ ಜ್ಯೋತಿರಾವ್ ಫುಲೆಯವರ ಮನವಿ ಅವುಗಳಲ್ಲಿ ಒಂದು. ಸರ್ಕಾರದ ವರಮಾನವೆಲ್ಲ ರೈತನ ಬೆವರಿನಿಂದ ಬಂದರೂ ಅದು ಮೇಲ್ವರ್ಗದ ಉಚ್ಚಶಿಕ್ಷಣಕ್ಕೆ ಹರಿದುಹೋಗುತ್ತಿದೆಯೆಂದೂ, ಹಳ್ಳಿಯ ಪ್ರಾಥಮಿಕ ಶಾಲೆಗೆ ಮೊದಲು ಹಣ ಒದಗಿಸಬೇಕೆಂದೂ, ಅಲ್ಲಿನ ಉಪಾಧ್ಯಾಯರಾದರೂ ಸಾಗುವಳಿ ಮಾಡುವ ಜನರಿಂದಲೇ ಬರಬೇಕೆಂದೂ ಫುಲೆಯವರು ವಾದಿಸಿದರು. ಹೋಬಳಿ ಶಾಲೆಯು ಎಲ್ಲಿಗೆ ಬಂದು ನಿಂತುಬಿಟ್ಟಿತ್ತೋ ಫುಲೆಯವರು ಅಲ್ಲಿಂದ ಮುಂದಕ್ಕೆ ಬೆರಳು ತೋರಿಸಿದರೆಂದೇ ಹೇಳಬೇಕು. ಆಯೋಗವು ಪ್ರಾಥಮಿಕ ಶಿಕ್ಷಣಕ್ಕೆ ಸರ್ಕಾರದ ವಿಶೇಷ ಗಮನವಿರಬೇಕೆಂದು ಒಪ್ಪಿತು, ಅದನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಬೇಕೆಂದು ಸಲಹೆಯಿತ್ತಿತು. ಸಲಹೆಯ ಹಿಂದೆ ಬೇಕಾದಷ್ಟು ಹಣ ಬರಲಿಲ್ಲ.

ಶಾಸನಗಳ ಕಡೆಗೆ ರೈಸ್ ಅವರು ಹೊರಳಿದ್ದು ಶಾಲೆಯ ದಾರಿಯಲ್ಲಿಯೇ. ಪರೀಕ್ಷೆ ಮುಗಿಸಿ ಮುಂದಿನ ಊರಿಗೆ ಹೊರಟಾಗ ದಾರಿಬದಿಯ ಕಲ್ಲುಗಳು ಅವರನ್ನು ನಿಲ್ಲಿಸಿದವು. ಕಮಿಷನರ್ ಬೌರಿಂಗ್ ಅವರ ಕಾಲದಲ್ಲಿ ಮೇಜರ್ ಡಿಕ್ಸನ್ ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಪಂಡಿತರ ನೆರವಿನಿಂದ ಓದಿ ಅನುವಾದಿಸಿ 1879ರಲ್ಲಿ ಒಂದು ಸಂಪುಟವನ್ನು ಹೊರತಂದರು. ಮುಂದೆ ಪ್ರಾಕ್ತನ ಸಂಶೋಧನೆಯೇ ಅವರ ಪೂರ್ಣಕಾಲದ ಕಾರ್ಯವಾಯಿತು. ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟವು ಚಿತ್ರದುರ್ಗ ಜಿಲ್ಲೆಯದು. ಹರಿಹರದ ಹರಿಹರೇಶ್ವರ ದೇವಾಲಯದ ಶಾಸನಗಳು ಅದರಲ್ಲಿ ದಾವಣಗೆರೆ ತಾಲ್ಲೂಕಿನ ಭಾಗದಲ್ಲಿಯೇ ಸೇರಿವೆ. ಹೊಯ್ಸಳ ದಂಡನಾಯಕ ಪೋಲಾಳ್ವನು 1224ರಲ್ಲಿ ಆ ದೇವಾಲಯವನ್ನು ಕಟ್ಟಿಸಿದ ಸಂಗತಿ ಅವುಗಳಿಂದ ತಿಳಿಯುತ್ತದೆ. ಪಂಪಭಾರತ, ಕವಿರಾಜಮಾರ್ಗ ಮೊದಲಾದ ಹಳಗನ್ನಡ ಕೃತಿಗಳು ತಾಳೆಗರಿಯಿಂದ ಅಚ್ಚಿನ ಪುಟಕ್ಕೆ ಬಂದದ್ದೂ ಅವರ ಕೈಯಿಂದಲೇ.

ಇದೇ ಕಲ್ಲುಗಳಲ್ಲಿ ಅವರಿಗೆ ಹಳೆಯ ವಿದ್ಯಾಕೇಂದ್ರಗಳ ವರ್ಣನೆಯೂ ದೊರಕಿತು. ಬಳ್ಳಿಗಾವೆಯ ಕೋಡಿಮಠವನ್ನು ಕುರಿತ 1162ರ ಶಾಸನವು ಅಲ್ಲಿ ವ್ಯಾಕರಣ, ದರ್ಶನ, ಪುರಾಣಗಳ ಪಾಠ ನಡೆಯುತ್ತಿದ್ದುದನ್ನೂ, ದೀನರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿದ್ದುದನ್ನೂ ವಿವರಿಸುತ್ತದೆ. ಉಂಬಳಿಯ ಹಳ್ಳಿಗಳಲ್ಲಿ ಉತ್ತವರ ಪಾಲಿನಿಂದ ಅಂಥ ಪಾಠಶಾಲೆಗಳು ನಡೆದವು, ಉತ್ತವರ ಮಕ್ಕಳು ಅಲ್ಲಿ ಓದಲಿಲ್ಲ. ಆ ಹಳೆಯ ವೈಭವವನ್ನು ಮೆಚ್ಚಿ ಬರೆದ ಲೇಖನಿಯೇ ಹಿಂದೆ ರೈತನ ತೆರಿಗೆಯಿಂದ ರೈತನ ಮಗನಿಗೆ ಶಾಲೆ ಎಂದು ಬರೆದಿತ್ತೆಂಬುದು ನಮ್ಮನ್ನು ಯೋಚನೆಗೆ ಹಚ್ಚುತ್ತದೆ. 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅವರು ಕಂಡ ಬಂಡೆಯು ಅಶೋಕ ಚಕ್ರವರ್ತಿಯದು. ತಂದೆ ತಾಯಿಯರ ಮಾತಿಗೆ ವಿಧೇಯರಾಗಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಆಶಯ ಅದರಲ್ಲಿದೆ. ಮೇಷ್ಟರುಗಳನ್ನು ಹುಡುಕುತ್ತ ತಿರುಗಿದ ಹಳೆಯ ಇನ್‌ಸ್ಪೆಕ್ಟರರಿಗೆ ನಮ್ಮದೇ ಹಳೆಯ ಜಿಲ್ಲೆಯ ಬಂಡೆಯೊಂದು ಎರಡು ಸಾವಿರ ವರ್ಷ ಕಾದಿದ್ದು ಈ ಮಾತನ್ನು ತೋರಿಸಿತು.

ರೈಸ್ ಅವರು ಇಟ್ಟ ಮೊದಲ ಹೆಜ್ಜೆಯನ್ನು ಮುಂದುವರಿಸಿದವರು ಸ್ವದೇಶದ ಆಡಳಿತಗಾರರು. 1911ರಲ್ಲಿ ಗೋಖಲೆಯವರು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದಾಗ ಬ್ರಿಟಿಷ್ ಸರ್ಕಾರವು ಅದನ್ನು ಬಿದ್ದುಹೋಗುವಂತೆ ಮಾಡಿತು. ಮೈಸೂರು ಹಿಂಜರಿಯಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1913ರ ಪ್ರಾಥಮಿಕ ಶಿಕ್ಷಣ ಶಾಸನವು ಬಂದಿತು. ಅವರು 1912ರಲ್ಲಿ ದಿವಾನರಾದಾಗ ಸುಮಾರು 4,500 ಇದ್ದ ಶಾಲೆಗಳು 1918ರಲ್ಲಿ ನಿರ್ಗಮಿಸುವ ಹೊತ್ತಿಗೆ ಸುಮಾರು 11,000 ಆಗಿದ್ದವು. ಓದುವ ಮಕ್ಕಳ ಸಂಖ್ಯೆ 1,40,000ದಿಂದ 3,66,000ಕ್ಕೆ ಏರಿತ್ತು. ಹೋಬಳಿಯನ್ನು ದಾಟಿ ಶಾಲೆಯು ಸಣ್ಣ ಹಳ್ಳಿಗೂ ಬಂದಿತು. 1915ರಲ್ಲಿ, ಜಾತಿಯ ಕಾರಣದಿಂದ ಯಾವ ಮಗುವಿಗೂ ಸಾರ್ವಜನಿಕ ಶಾಲೆಯ ಪ್ರವೇಶವನ್ನು ನಿರಾಕರಿಸಬಾರದೆಂದು ಸರ್ಕಾರವು ಆಜ್ಞೆ ಹೊರಡಿಸಿತು. ಆಜ್ಞೆ ಹೊರಟ ದಿನವೇ ಎಲ್ಲ ಜಗಲಿಗಳೂ ತೆರೆದುಕೊಳ್ಳಲಿಲ್ಲವೆಂಬುದನ್ನು ನಮ್ಮ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ.

2009ರ ಶಿಕ್ಷಣ ಹಕ್ಕು ಕಾಯಿದೆಯ ನಿಯಮಗಳಂತೆ ಐದನೆಯ ತರಗತಿಯವರೆಗಿನ ಶಾಲೆಯು ಮಗುವಿನ ಮನೆಯಿಂದ ಒಂದು ಕಿಲೋಮೀಟರಿನೊಳಗೂ, ಎಂಟನೆಯ ತರಗತಿಯವರೆಗಿನದು ಮೂರು ಕಿಲೋಮೀಟರಿನೊಳಗೂ ಇರಬೇಕು. ಸುಮಾರು ಹತ್ತು ವರ್ಷಗಳ ತರುವಾಯ ರಾಜ್ಯ ಸರ್ಕಾರವು, ಶಿಶುವಿಹಾರದಿಂದ ಪದವಿಪೂರ್ವದವರೆಗೆ ಒಂದೇ ಆವರಣದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ತೆರೆಯತೊಡಗಿದಾಗ ಹೋಬಳಿಗೊಂದು ಎಂಬ ಮಾತು ಮತ್ತೆ ಕೇಳಿಬಂದಿತು. ಅಲ್ಲಿ ವಿಷಯಕ್ಕೊಬ್ಬ ಶಿಕ್ಷಕರು, ಪ್ರಯೋಗಾಲಯ, ಆಟದ ಬಯಲು ಇರಬಲ್ಲವು. ಏಳೆಂಟು ಮಕ್ಕಳಿಗೆ ಒಬ್ಬರೇ ಮೇಷ್ಟರಿರುವ ಹಟ್ಟಿಯ ಶಾಲೆಯಲ್ಲಿ ಇವೊಂದೂ ಇರಲಾರವು. ಆದರೆ ಹಟ್ಟಿಯ ಶಾಲೆಯನ್ನು ಮುಚ್ಚಿ ದೊಡ್ಡ ಶಾಲೆಗೆ ಸೇರಿಸುವ ಪ್ರಸ್ತಾಪ ಬಂದಾಗಲೆಲ್ಲ ಹಳ್ಳಿಯ ತಾಯಂದಿರು ವಿರೋಧಿಸುತ್ತಾರೆ. ಬಸ್ಸು ತಪ್ಪಿದ ದಿನ, ಮಳೆಗೆ ಹಳ್ಳ ತುಂಬಿದ ದಿನ, ಮೊದಲು ಮನೆಯಲ್ಲಿ ಉಳಿಯುವವಳು ಹೆಣ್ಣುಮಗಳೆಂಬುದನ್ನು ಅವರು ಚೆನ್ನಾಗಿ ಬಲ್ಲರು. ಒಳ್ಳೆಯ ಶಾಲೆಯೇ, ಹತ್ತಿರದ ಶಾಲೆಯೇ ಎಂಬ ಈ ಪ್ರಶ್ನೆಯು 1868ರ ಯೋಜನೆಯಲ್ಲಿಯೇ ಇತ್ತು. ರೈಸ್ ಅವರ ಕಾಲದ ಸರ್ಕಾರಕ್ಕೆ ಎರಡನ್ನೂ ಕೊಡುವ ಶಕ್ತಿಯಿರಲಿಲ್ಲ. ಇಂದಿನ ಸರ್ಕಾರಕ್ಕೆ ಆ ಶಕ್ತಿಯಿಲ್ಲವೆಂದರೆ ನಾವು ಒಪ್ಪಲಾರೆವು. ಸಣ್ಣ ತರಗತಿಗಳು ಊರಿನಲ್ಲಿಯೇ ಉಳಿದು, ದೊಡ್ಡ ತರಗತಿಗಳಿಗೆ ಹೋಬಳಿಯ ಶಾಲೆಯೂ ಅಲ್ಲಿಗೆ ಹೋಗಿಬರುವ ಖಚಿತವಾದ ವಾಹನವೂ ದೊರೆಯಬೇಕೆಂಬುದು ನಮ್ಮ ಅಭಿಪ್ರಾಯ.

1906ರಲ್ಲಿ ರೈಸ್ ಅವರು ನಿವೃತ್ತರಾದರು. ಅವರ ಸ್ಥಾನಕ್ಕೆ ವಿದ್ವಾಂಸರಾದ ಆರ್. ನರಸಿಂಹಾಚಾರ್ಯರು ಬಂದರು. ರೈಸ್ ಅವರು ಇಂಗ್ಲೆಂಡಿನ ಹ್ಯಾರೋ ಎಂಬಲ್ಲಿ ನೆಲಸಿ, ಶಾಸನಗಳಿಂದ ತಿಳಿದುಬರುವ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು 1909ರಲ್ಲಿ ಪ್ರಕಟಿಸಿದರು. ವೃದ್ಧಾಪ್ಯದಲ್ಲಿಯೂ ಅವರ ಮೇಜಿನ ಮೇಲೆ ಕನ್ನಡವೇ ಇತ್ತು. 1927ರ ಜುಲೈ 10ರಂದು, ತೊಂಬತ್ತು ತುಂಬಲು ಒಂದು ವಾರ ಉಳಿದಿರುವಾಗ, ಅವರು ದೈವಾಧೀನರಾದರು. ಅವರ ಶಾಸನ ಸಂಪುಟಗಳು ಇಂದಿಗೂ ಮರುಮುದ್ರಣ ಕಾಣುತ್ತಿವೆ. ಹೋಬಳಿ ಶಾಲೆಗಳ ಮೊದಲ ಮೇಷ್ಟರುಗಳ ಹೆಸರುಗಳನ್ನು ಯಾರೂ ಕಲ್ಲಿನಲ್ಲಿ ಕೊರೆಸಿಲ್ಲ. ಬೆಂಗಳೂರಿಗೆ ಹೋಗುವ ನಮ್ಮ ಧರ್ಮಕೇಂದ್ರದವರು ಅವೆನ್ಯೂ ರಸ್ತೆಯಲ್ಲಿ ನಡೆದುಹೋದರೆ, ಅವರ ತಂದೆಯ ನೆನಪಿಗಾಗಿ ನಿಂತಿರುವ ರೈಸ್ ಸ್ಮಾರಕ ದೇವಾಲಯವನ್ನು ಕಾಣಬಹುದು. ಆ ರಸ್ತೆಯ ಅಂಚಿನಲ್ಲಿ ಹಳೆಯ ಪಠ್ಯಪುಸ್ತಕಗಳನ್ನು ರಾಶಿ ಹಾಕಿ ಅರ್ಧ ಬೆಲೆಗೆ ಮಾರುತ್ತಾರೆ.